ಕಾಂಪ್ಯಾಕ್ಟ್ ಟ್ರಾಕ್ಟರಿಗೆ ಪುಲ್ ಟೈಪ್ ಸ್ನೋಬ್ಲೋವರ್: ಕತ್ತು ನೋವು ಹೋಯ್ತು, ಟೈರ್ ಗುರುತು ಮಾತ್ರ ಹೋಗಲ್ಲ

ಟ್ರಾಕ್ಟರ್ ಹಿಂದೆ ಕಟ್ಟೋ ಸ್ನೋಬ್ಲೋವರ್ (ಹಿಮ ಬಾಚಿ ದೂರ ಎಸೆಯೋ ಮಷೀನ್) ಅಂದ್ರೆ ಮಾಮೂಲಿಯಾಗಿ ಸಿಗೋದು ರಿವರ್ಸ್ ಹೋಗ್ತಾ ಹಿಮ ತೆಗೆಯೋ ಥರದ್ದು. ಅದರ ಹಿಮ ನುಂಗೋ ಬಾಯಿ ಟ್ರಾಕ್ಟರಿಗೆ ಬೆನ್ನು ಹಾಕಿ ಹಿಂದಕ್ಕೆ ತೆರೆದಿರತ್ತೆ, ನೀವು ಸೀಟಲ್ಲಿ ಅರ್ಧ ತಿರುಗಿ ಕೂತು, ಒಂದು ಕೈ ಸ್ಟೀರಿಂಗ್ ಮೇಲೆ ಇಟ್ಕೊಂಡು, ಕತ್ತು ಹಿಂದಕ್ಕೆ ತಿರುಚಿ ಹಿಮದೊಳಗೆ ನುಗ್ಗಬೇಕು. ಪುಲ್ ಟೈಪ್ ಇದಕ್ಕೆ ಪೂರ್ತಿ ಉಲ್ಟಾ. ಬಾಯಿ ಟ್ರಾಕ್ಟರ್ ಕಡೆಗೇ ಇರತ್ತೆ, ನೀವು ನೆಟ್ಟಗೆ ಮುಂದೆ ನೋಡ್ಕೊಂಡು ಓಡಿಸ್ತಾ ಹೋದ್ರೆ ಅದು ಹಿಂದಿನಿಂದ ಬಾಚಿಕೊಂಡು ಬರತ್ತೆ. ಮೊದಲು ರಿವರ್ಸ್ ಥರದ್ದು ಓಡಿಸ್ತಿದ್ದೆ, ಈಗ 33 ಎಚ್‌ಪಿ ಹೈಡ್ರೋಸ್ಟ್ಯಾಟಿಕ್ (ಗೇರ್ ಬದಲಿಸದೆ ಪೆಡಲಲ್ಲೇ ವೇಗ ಹೊಂದಿಸೋ) ಟ್ರಾಕ್ಟರಿಗೆ 64 ಇಂಚು ಅಗಲದ ಪುಲ್ ಟೈಪ್ ಹಾಕಿದೀನಿ, ಎರಡರ ವ್ಯತ್ಯಾಸ ಮೈಗೇ ಗೊತ್ತಾಗಿರೋದ್ರಿಂದ ಸ್ವಲ್ಪ ಉದ್ದಕ್ಕೇ ಬರೀತೀನಿ.

ಮೊದಲನೇ ಲಾಭ ಕತ್ತಿಗೆ. ಉದ್ದದ ಡ್ರೈವ್‌ವೇ (ರಸ್ತೆಯಿಂದ ಮನೆ ತನಕದ ಗಾಡಿ ದಾರಿ) ಇರೋರಿಗೆ ಇದು ಸಣ್ಣ ವಿಷಯ ಅಲ್ವೇ ಅಲ್ಲ, ರಿವರ್ಸಲ್ಲಿ ಒಂದು ಗಂಟೆ ಕೆಲಸ ಮಾಡಿದ ಮೇಲೆ ಭುಜ, ಕತ್ತು, ಸೊಂಟ ಎಲ್ಲ ಹಿಡ್ಕೊಂಡಿರತ್ತೆ, ವಯಸ್ಸಾದವರಿಗಂತೂ ಮಾರನೇ ದಿನ ಏಳೋಕೇ ಕಷ್ಟ. ಪುಲ್ ಟೈಪಲ್ಲಿ ಆಗಾಗ ಒಂದ್ಸಲ ಹಿಂದೆ ಕಣ್ಣು ಹಾಯಿಸಿ ಚ್ಯೂಟ್ (ಹಿಮ ಉಗುಳೋ ಕೊಳವೆ) ಎಲ್ಲಿಗೆ ಎಸೀತಾ ಇದೆ ಅಂತ ನೋಡ್ಕೊಂಡ್ರೆ ಸಾಕು. ಜೊತೆಗೆ ಹೈಡ್ರೋಸ್ಟ್ಯಾಟಿಕ್ ಆದ್ರೆ ಫಾರ್ವರ್ಡ್ ಪೆಡಲ್ ಕಾಲಿಗೆ ಹದವಾಗಿ ಸಿಗತ್ತೆ, ವೇಗ ಕೂದಲೆಳೆಯಷ್ಟು ಹೆಚ್ಚು ಕಮ್ಮಿ ಮಾಡ್ಕೋಬಹುದು.

ಆದ್ರೆ ನಾನು ಇದನ್ನ ಇಷ್ಟಪಡೋದಕ್ಕೆ ನಿಜವಾದ ಕಾರಣ ಗರಾಜ್ ಬಾಗಿಲು. ರಿವರ್ಸ್ ಥರದ್ದರಲ್ಲಿ ಬಾಗಿಲ ಹತ್ರ ಇರೋ ಹಿಮ ತೆಗೆಯೋಕೆ ಆಗಲ್ಲ, ಅದನ್ನ ಬಾಗಿಲಿಗೇ ತಳ್ಳಿದ ಹಾಗಾಗತ್ತೆ, ಕೊನೆಗೆ ಸಲಿಕೆ ಹಿಡೀಲೇಬೇಕು. ಇದರಲ್ಲಿ ಏನ್ ಮಾಡೋದು ಅಂದ್ರೆ ಬ್ಲೋವರ್ ಎತ್ತಿ ಹಿಡ್ಕೊಂಡು ಬಾಗಿಲ ತನಕ ರಿವರ್ಸ್ ಹೋಗೋದು, ಒಂದು ಗೇಣು ಜಾಗ ಬಿಟ್ಟು ನಿಲ್ಲಿಸಿ ಕೆಳಗಿಳಿಸೋದು, ಪಿಟಿಒ (ಎಂಜಿನ್ ಶಕ್ತಿಯನ್ನ ಬ್ಲೋವರಿಗೆ ಕೊಡೋ ತಿರುಗೋ ಶಾಫ್ಟ್) ಪೂರ್ತಿ ವೇಗಕ್ಕೆ ಬಂದ ಮೇಲೆ ನಿಧಾನಕ್ಕೆ ಮುಂದೆ ಹೊರಡೋದು. ಕೆಳಗಿನ ಕಟಿಂಗ್ ಎಡ್ಜ್ ಕಾಂಕ್ರೀಟ್ ಮೇಲೆ ಕರ್ರ್ ಅಂತ ಕೆರೀತಾ ಬರತ್ತೆ, ಹಿಂದೆ ಒದ್ದೆ ಕಪ್ಪು ನೆಲ ಕಾಣಿಸ್ತಾ ಹೋಗತ್ತೆ, ಬಾಗಿಲಿಗೆ ಅಂಟಿಕೊಂಡಿರೋ ಒಂದು ಪಟ್ಟಿ ಬಿಟ್ರೆ ಏನೂ ಉಳಿಯಲ್ಲ. ನಿಲ್ಲಿಸಿದ ಕಾರುಗಳ ಮುಂದೆ, ಗೋಡೆ ಮೂಲೆ, ಶೆಡ್ ಬಾಗಿಲು, ಎಲ್ಲಾ ಕಡೆ ಇದೇ ಉಪಾಯ. ಕೆನಡಾದ ಕ್ವಿಬೆಕ್‌ನಲ್ಲಿ ಮನೆ ಮನೆ ಡ್ರೈವ್‌ವೇ ಕ್ಲೀನ್ ಮಾಡೋ ಕಾಂಟ್ರಾಕ್ಟರ್‌ಗಳು ದೊಡ್ಡ ಟ್ರಾಕ್ಟರ್‌ಗಳಿಗೆ ಇದೇ ಥರದ್ದನ್ನ ಕಟ್ಕೊಂಡು ಒಂದರ ಹಿಂದೆ ಒಂದು ಮನೆ ಮುಗಿಸ್ತಾ ಹೋಗೋದು ಇದಕ್ಕೇನೇ, ಪ್ರೊನೊವೋಸ್ಟ್, ನಾರ್ಮಂಡ್ ಥರದ ತಯಾರಕರು ಕೂಡ ಅಲ್ಲಿಯವರೇ. ಅವರ ಕೆಲಸ ನೋಡಿದ್ರೆ ಈ ಮಷೀನ್ ಯಾವುದಕ್ಕೆ ಅಂತ ಅರ್ಥ ಆಗ್ಬಿಡತ್ತೆ: ಹಿಂದೆ ಹೋಗು, ಇಳಿಸು, ಎಳ್ಕೊಂಡು ಹೊರಗೆ ಬಾ.

ಈಗ ತೊಂದರೆಗೆ ಬರೋಣ. ಟ್ರಾಕ್ಟರ್ ಮುಂದೆ, ಬ್ಲೋವರ್ ಹಿಂದೆ, ಅಂದ್ರೆ ತೆಗೆಯೋ ಮೊದಲೇ ನಾಲ್ಕು ಚಕ್ರ ಆ ಹಿಮದ ಮೇಲೆ ಹೋಗಿರತ್ತೆ. ಚಳಿ ಜಾಸ್ತಿ ಇದ್ದು ಹಿಮ ಒಣ ಪುಡಿ ಥರ ಇದ್ರೆ ಗೊತ್ತೂ ಆಗಲ್ಲ, ಎಡ್ಜ್ ಬಂದು ಎತ್ಕೊಂಡು ಹೋಗತ್ತೆ. ಉಷ್ಣಾಂಶ 0 ಡಿಗ್ರಿ ಆಸುಪಾಸು ಇದ್ದು ಹಿಮ ಒದ್ದೆ ಇದ್ರೆ ಕಥೆ ಬೇರೆ, ಟೈರ್ ತುಳಿದ ಜಾಗ ಹಲಗೆ ಥರ ಗಟ್ಟಿಯಾಗ್ಬಿಡತ್ತೆ, ಬ್ಲೋವರ್ ಅದರ ಮೇಲೆ ಏರಿ ಜಾರ್ಕೊಂಡು ಹೋಗತ್ತೆ, ಹಿಂದೆ ಎರಡು ಉದ್ದ ಪಟ್ಟೆ ಉಳಿಯತ್ತೆ. ಕಾಂಪ್ಯಾಕ್ಟ್ ಟ್ರಾಕ್ಟರ್‌ಗಳ ತ್ರೀ ಪಾಯಿಂಟ್ ಹಿಚ್ (ಉಪಕರಣ ಕಟ್ಟೋ ಹಿಂದಿನ ಮೂರು ತೋಳು) ಎತ್ತೋದು ಮಾತ್ರ, ಕೆಳಕ್ಕೆ ಒತ್ತಲ್ಲ, ಆದ್ದರಿಂದ ಕೆರೆಯೋಕೆ ಸಿಗೋದು ಬ್ಲೋವರ್‌ನ ಸ್ವಂತ ತೂಕ ಅಷ್ಟೇ. ಟಾಪ್ ಲಿಂಕ್ (ಹಿಚ್‌ನ ಮೇಲಿನ ತೋಳು) ಉದ್ದ ಸ್ವಲ್ಪ ಹೆಚ್ಚು ಕಮ್ಮಿ ಮಾಡಿ ಎಡ್ಜ್ ನೆಲಕ್ಕೆ ಕೂರೋ ಕೋನ ಬದಲಾಯಿಸಿದ್ರೆ ಕೆರೆತ ಎಷ್ಟೋ ಸುಧಾರಿಸತ್ತೆ, ಇದನ್ನ ಅವರವರ ಟ್ರಾಕ್ಟರಲ್ಲಿ ಮಾಡಿ ನೋಡೇ ಹದ ಹಿಡೀಬೇಕು. ಆ ಪಟ್ಟೆಗಳು ರಾತ್ರಿ ಹೆಪ್ಪುಗಟ್ಟಿದ್ರೆ ಬೆಳಗ್ಗೆ ಐಸ್, ಅದಕ್ಕೇ ಒದ್ದೆ ಹಿಮ ಬಿದ್ದ ದಿನ ಕಾಯ್ಬೇಡಿ, ತೆಳ್ಳಗಿರುವಾಗಲೇ ಒಂದು ಸುತ್ತು ಹೊಡೀರಿ.

ಇನ್ನೊಂದು ಮಿತಿ ಹಿಮದ ಆಳ. ಸಣ್ಣ ಟ್ರಾಕ್ಟರಿನ ಹೊಟ್ಟೆ ನೆಲಕ್ಕೆ ಹತ್ರ ಇರತ್ತೆ, ಹಿಮ ಫ್ರಂಟ್ ಆಕ್ಸಲ್ ಮಟ್ಟ ದಾಟ್ತು ಅಂದ್ರೆ ಟ್ರಾಕ್ಟರೇ ಹಿಮ ತಳ್ಳೋಕೆ ಶುರು ಮಾಡತ್ತೆ, ಚಕ್ರ ತೇಲತ್ತೆ, ಅಲ್ಲಿಗೆ ನಿಂತಿತು. ಗಾಳಿಗೆ ಗುಡ್ಡೆ ಬಿದ್ದ ಜಾಗ, ರಸ್ತೆ ಕ್ಲೀನ್ ಮಾಡೋ ಗಾಡಿ ಡ್ರೈವ್‌ವೇ ಬಾಯಲ್ಲಿ ತಳ್ಳಿ ಹೋಗೋ ಗಟ್ಟಿ ದಿಬ್ಬ, ಇವೆಲ್ಲ ಪುಲ್ ಟೈಪಿಗೆ ಸಲ್ಲದ ಕೆಲಸ, ಅದಕ್ಕೆ ರಿವರ್ಸ್ ಥರದ್ದೇ ಸರಿ. ನಾನು ಮುಂದೆ ಲೋಡರ್ ಬಕೆಟ್ ಇಟ್ಕೊಂಡೇ ಓಡಿಸ್ತೀನಿ, ದಿಬ್ಬ ಇದ್ದ ಕಡೆ ಮೊದಲು ಬಕೆಟಲ್ಲಿ ಒಡೆದು ಹರಡಿ, ಆಮೇಲೆ ಬ್ಲೋವರ್ ಎಳೀತೀನಿ. ಎರಡೂ ದಿಕ್ಕಲ್ಲಿ ಕೆಲಸ ಮಾಡೋ ಮಾಡೆಲ್‌ಗಳೂ ಇವೆ, ತೂಕನೂ ದುಡ್ಡೂ ಜಾಸ್ತಿ.

ಬಕೆಟ್ ಇರಲೇಬೇಕು ಅನ್ನೋದಕ್ಕೆ ಬೇರೆ ಕಾರಣನೂ ಇದೆ. ಬ್ಲೋವರ್ ಭಾರ, ಅದರಲ್ಲೂ ಪುಲ್ ಟೈಪಲ್ಲಿ ಫ್ಯಾನ್ ಮತ್ತೆ ಅದರ ಡಬ್ಬ ತೀರಾ ಹಿಂದೆ ಕೂತಿರತ್ತೆ, ಎತ್ತಿದಾಗ ಮುಂದಿನ ಚಕ್ರದ ಮೇಲೆ ತೂಕ ಕಮ್ಮಿಯಾಗಿ ಸ್ಟೀರಿಂಗ್ ತಿರುಗಿಸಿದ್ರೂ ಟ್ರಾಕ್ಟರ್ ನೆಟ್ಟಗೆ ಹೋಗತ್ತೆ. ಲೋಡರ್ ಇಲ್ದಿದ್ರೆ ಮುಂದೆ ವೇಟ್ ಹಾಕಿಸಿ. ಹಿಂದಿನ ಚಕ್ರಕ್ಕೆ ಚೈನ್ ಕಟ್ಟೋದೂ ಒಳ್ಳೇದು, ಕೈಗಾರಿಕಾ ಟೈರ್ ಅಂತ ಕರೆಯೋ ಆರ್4 ಟೈರ್‌ಗಳು ಐಸ್ ಮೇಲೆ ಹಿಡಿತ ಕೊಡಲ್ಲ, ಇಳಿಜಾರು ಇದ್ರಂತೂ ಚೈನ್ ಇಲ್ದೆ ಹೋಗ್ಲೇಬೇಡಿ.

ಪವರ್ ವಿಷಯದಲ್ಲಿ ಬಾನೆಟ್ ಮೇಲೆ ಬರೆದಿರೋ ಎಚ್‌ಪಿ ನೋಡಿ ಮೋಸ ಹೋಗ್ಬೇಡಿ. ಬ್ಲೋವರಿಗೆ ಸಿಗೋದು ಪಿಟಿಒ ಎಚ್‌ಪಿ, ಅದು ಎಂಜಿನ್ ಎಚ್‌ಪಿಗಿಂತ ಯಾವಾಗಲೂ ಕಮ್ಮಿ, ಹೈಡ್ರೋಸ್ಟ್ಯಾಟಿಕ್‌ನಲ್ಲಿ ಇನ್ನೂ ಒಂಚೂರು ಕಮ್ಮಿ. ಆದ್ರೂ ನಾನು ಹೈಡ್ರೋಸ್ಟ್ಯಾಟಿಕ್ ಅಂತಾನೇ ಹೇಳ್ತೀನಿ, ಯಾಕಂದ್ರೆ ಬ್ಲೋವರ್ 540 ಆರ್‌ಪಿಎಂನಲ್ಲಿ ತಿರುಗ್ತಾನೇ ಇರಬೇಕು, ಗಾಡಿ ವೇಗ ಮಾತ್ರ ಹಿಮ ನೋಡ್ಕೊಂಡು ಬದಲಾಗಬೇಕು, ಗೇರ್ ಟ್ರಾಕ್ಟರಲ್ಲಿ ಕ್ಲಚ್ ಒತ್ತಿ ಒತ್ತಿ ಸಾಕಾಗತ್ತೆ. ಎಂಜಿನ್ ಸೌಂಡ್ ಇಳೀತು ಅಂದ ಕೂಡ್ಲೇ ಪೆಡಲ್ ಬಿಡಿ, ಥ್ರಾಟಲ್ ಮುಟ್ಬೇಡಿ. ಫ್ಯಾನ್ ವೇಗ ಕಮ್ಮಿಯಾದ್ರೆ ಒದ್ದೆ ಹಿಮ ಚ್ಯೂಟಲ್ಲಿ ಕಟ್ಕೊಂಡು ಕೂತ್ಬಿಡತ್ತೆ, ಆಮೇಲೆ ಕೆಳಗಿಳಿದು ಕೋಲಲ್ಲಿ ಕೆದಕೋ ಕೆಲಸ.

ಈ ಕೆದಕೋ ಕೆಲಸದ ಬಗ್ಗೆ ದಯವಿಟ್ಟು ಗಮನ ಕೊಟ್ಟು ಓದಿ. ಪಿಟಿಒ ಆಫ್, ಎಂಜಿನ್ ಆಫ್, ಕೀ ಜೇಬಿಗೆ, ಎಲ್ಲ ತಿರುಗೋದು ನಿಂತ ಮೇಲೆ ಮಾತ್ರ ಹತ್ರ ಹೋಗಿ, ಅದೂ ಕೋಲು ಹಾಕಿ, ಕೈ ಮಾತ್ರ ಯಾವ ಕಾರಣಕ್ಕೂ ಬೇಡ. ಪುಲ್ ಟೈಪಲ್ಲಿ ಆಗರ್ (ಹಿಮ ಒಳಗೆಳೆಯೋ ತಿರುಪು) ಟ್ರಾಕ್ಟರ್ ಕಡೆಗೆ ಬಾಯಿ ಬಿಟ್ಕೊಂಡಿರತ್ತೆ, ಸೀಟಿಂದ ಹಿಂದಕ್ಕೆ ಇಳಿಯೋ ಅಭ್ಯಾಸ ಇರೋರು ಅದನ್ನ ಇವತ್ತೇ ಬಿಡಿ. ಮನೇಲಿ ಮಕ್ಕಳಿದ್ರೆ ಟ್ರಾಕ್ಟರ್ ಸ್ಟಾರ್ಟ್ ಮಾಡೋ ಮೊದಲೇ ಒಳಗೆ ಕಳ್ಸಿ, ರಿವರ್ಸ್ ಹೋಗುವಾಗ ಬ್ಲೋವರ್ ಬೆನ್ನು ಹಿಂದಿನದನ್ನೆಲ್ಲ ಮರೆ ಮಾಡತ್ತೆ.

ಶಿಯರ್ ಬೋಲ್ಟ್ ಮ್ಯಾನ್ಯುಯಲ್‌ನಲ್ಲಿ ಹೇಳಿದ ಗ್ರೇಡ್‌ದೇ ಹಾಕಿ, ಟೂಲ್ ಬಾಕ್ಸಲ್ಲಿ ಒಂದಷ್ಟು ಹೆಚ್ಚಿಗೆ ಇಟ್ಕೊಳ್ಳಿ. ಕಲ್ಲೋ, ಹೆಪ್ಪುಗಟ್ಟಿದ ನ್ಯೂಸ್‌ಪೇಪರ್ ಕಟ್ಟೋ ಸಿಕ್ಕಿದ್ರೆ ಮುರೀಬೇಕಾದ್ದು ಈ ಬೋಲ್ಟೇ, ಪದೇ ಪದೇ ಮುರೀತು ಅಂತ ಗಟ್ಟಿ ಬೋಲ್ಟ್ ಹಾಕಿದ್ರೆ ಮುಂದಿನ ಸಲ ಮುರಿಯೋದು ಗೇರ್ ಬಾಕ್ಸ್. ಜಲ್ಲಿ ಹಾಸಿದ ದಾರಿ ಇದ್ರೆ ಸ್ಕಿಡ್ ಶೂ (ಬ್ಲೋವರ್ ನೆಲದ ಮೇಲೆ ಜಾರೋ ಪಾದ) ಒಂದು ಇಂಚಷ್ಟು ಇಳಿಸಿ ಎಡ್ಜ್ ಎತ್ತರಕ್ಕೆ ನಿಲ್ಲೋ ಹಾಗೆ ಮಾಡಿ, ಚಳಿಗಾಲದ ಶುರುವಲ್ಲಿ ನೆಲ ಗಟ್ಟಿಯಾಗೋ ತನಕ ಒಂದು ಪದರ ಹಿಮ ಹಾಗೇ ಬಿಡಿ, ಇಲ್ದಿದ್ರೆ ಜಲ್ಲಿ ಎಲ್ಲ ಹುಲ್ಲಿನ ಮೇಲೆ ಹೋಗಿ ಬೀಳತ್ತೆ, ಕಿಟಕಿ ಗಾಜಿನ ಕಡೆಗಂತೂ ಚ್ಯೂಟ್ ತಿರುಗಿಸ್ಲೇಬೇಡಿ.

ಚ್ಯೂಟ್ ತಿರುಗಿಸೋದು ಕೈ ಹಿಡಿಕೆಲೂ ಬರತ್ತೆ, ಹೈಡ್ರಾಲಿಕ್‌ನಲ್ಲೂ ಬರತ್ತೆ. ಹೈಡ್ರಾಲಿಕ್ ಬೇಕಂದ್ರೆ ಟ್ರಾಕ್ಟರಿನ ಹಿಂದೆ ರಿಮೋಟ್ ವಾಲ್ವ್ (ಉಪಕರಣಕ್ಕೆ ಹೈಡ್ರಾಲಿಕ್ ಎಣ್ಣೆ ಕೊಡೋ ಕನೆಕ್ಷನ್) ಇರಬೇಕು, ಸಣ್ಣ ಟ್ರಾಕ್ಟರ್‌ಗಳಲ್ಲಿ ಅದು ಎಷ್ಟೋ ಸಲ ಇರಲ್ಲ, ಹಾಗಿದ್ರೆ ಎಲೆಕ್ಟ್ರಿಕ್ ಮೋಟಾರ್ ಇರೋದು ಹಾಕಿಸಿ. ಈ ಖರ್ಚು ಮಾತ್ರ ಉಳಿಸೋಕೆ ಹೋಗ್ಬೇಡಿ, ಡ್ರೈವ್‌ವೇ ಕೊನೇಲಿ ತಿರುಗಿದಾಗೆಲ್ಲ ಚ್ಯೂಟ್ ದಿಕ್ಕು ಬದಲಾಗ್ಲೇಬೇಕು, ಮುಂದೆ ನೋಡ್ಕೊಂಡು ಓಡಿಸೋ ಸುಖಕ್ಕೆ ಅಂತ ತಗೊಂಡು ಹಿಡಿಕೆ ತಿರುವೋಕೆ ಹಿಂದೆ ತಿರುಗ್ತಾ ಕೂತ್ರೆ ಏನ್ ಬಂತು. ಎದುರು ಗಾಳಿ ಇದ್ರೆ ಹಿಮದ ಧೂಳು ಕ್ಯಾಬಿನ್ ಹಿಂದಿನ ಗಾಜಿಗೆ ಮೆತ್ಕೊಳ್ಳೋದು ಕಮ್ಮಿ, ಹಿಂದಿನಿಂದ ಗಾಳಿ ಬಂದ್ರೆ ಎಲ್ಲ ನಿಮ್ಮ ಮೇಲೇ, ಕ್ಯಾಬಿನ್ ಇಲ್ದೋರು ಇದನ್ನ ನೋಡ್ಕೊಂಡೇ ದಿಕ್ಕು ಆರಿಸ್ಕೊಳ್ಳಿ.

ತಿರುವಲ್ಲಿ ಹಿಂದಿರೋ ಬ್ಲೋವರ್ ಬಾಲದ ಥರ ಹೊರಗೆ ಬೀಸತ್ತೆ ಅನ್ನೋದೂ ನೆನಪಿರ್ಲಿ. ಗೋಡೆ ಪಕ್ಕದಿಂದ ಹೊರಡುವಾಗ ಸ್ಟೀರಿಂಗ್ ಪೂರ್ತಿ ತಿರುಗಿಸ್ಬೇಡಿ, ಮೊದಲು ನೆಟ್ಟಗೆ ಸ್ವಲ್ಪ ಬಂದು ಆಮೇಲೆ ತಿರುಗಿಸಿ.

ತಗೋಳೋರು ದುಡ್ಡು ಕೊಡೋ ಮೊದಲು ಟೇಪ್ ಹಿಡಿದು ಹಿಂದಿನ ಟೈರ್‌ಗಳ ಹೊರ ಅಂಚಿಂದ ಹೊರ ಅಂಚಿಗೆ ಅಳತೆ ಮಾಡಿ, ಚೈನ್ ಹಾಕಿದ ಮೇಲೆ ಎಷ್ಟಾಗತ್ತೋ ಅದು, ಬ್ಲೋವರ್ ಅದಕ್ಕಿಂತ ಅಗಲ ಇರಬೇಕು. ಟ್ರಾಕ್ಟರ್ ಮ್ಯಾನ್ಯುಯಲ್‌ನಲ್ಲಿ ಲಿಫ್ಟ್ ಕೆಪ್ಯಾಸಿಟಿ ಎರಡು ಥರ ಬರೆದಿರ್ತಾರೆ, ಹಿಚ್‌ನ ತುದಿಯಲ್ಲಿ ಒಂದು, ಅಲ್ಲಿಂದ 24 ಇಂಚು ಹಿಂದೆ ಇನ್ನೊಂದು, ನಿಮಗೆ ಬೇಕಾದ್ದು ಆ ಎರಡನೇ ಸಣ್ಣ ಸಂಖ್ಯೆ. ಪಿಟಿಒ ಶಾಫ್ಟ್ ಉದ್ದ ಹೆಚ್ಚಿದ್ರೆ ಎತ್ತಿಳಿಸುವಾಗ ಒಳಗೊಳಗೇ ಗುದ್ದಿ ಬೇರಿಂಗ್ ಹಾಳು ಮಾಡತ್ತೆ, ಆದ್ದರಿಂದ ಬ್ಲೋವರ್ ಕಟ್ಟಿ, ಪೂರ್ತಿ ಮೇಲಿಂದ ಪೂರ್ತಿ ಕೆಳಗೆ ತನಕ ಕೈ ಹಿಡಿತದಲ್ಲಿ ನಿಧಾನಕ್ಕೆ ಇಳಿಸಿ ನೋಡಿ, ಶಾಫ್ಟ್ ಕತ್ತರಿಸಬೇಕಿದ್ರೆ ಅಂಗಡಿಯವರ ಹತ್ರಾನೇ ಕತ್ತರಿಸಿ ಕೊಡಿ ಅಂತ ಕೇಳಿ, ಮೊದಲ ಹಿಮ ಬೀಳೋಕೆ ಮುಂಚೆ.