ಕಾರವಾರದ ಮಳೆಗಾಲ ಮತ್ತು ಕ್ಯೂ ಹಿಡಿಕೆಯ ದಾರ: ಯಾವ ಅಂಟು ನಿಲ್ಲುತ್ತದೆ?

ಕಾರವಾರದಲ್ಲಿ ಪೂಲ್ ಕ್ಯೂನ, ಅಂದರೆ ಪೂಲ್ ಆಟದಲ್ಲಿ ಚೆಂಡು ಹೊಡೆಯುವ ಕೋಲಿನ, ಹಿಡಿಕೆ ದಾರ ಬಿಡುವುದು ಹೆಚ್ಚಾಗಿ ಮಳೆಗಾಲದಲ್ಲೇ. ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರು. ಅದರ ಮೇಲೆ ಸಮುದ್ರದ ಉಪ್ಪುಗಾಳಿ, ಸಾಲದ್ದಕ್ಕೆ ಅಂಗೈ ಬೆವರು. ಮೊದಲು ಕೆಳತುದಿಯ ಒಂದೆರಡು ಸುತ್ತು ಸಡಿಲಾಗುತ್ತವೆ. ಆಮೇಲೆ ಹೊಡೆಯಲು ಬಗ್ಗಿದಾಗ ಇಡೀ ಸುತ್ತು ಅಂಗೈ ಕೆಳಗೆ ಚೂರು ತಿರುಗಿದ ಹಾಗಾಗುತ್ತದೆ. ಒಮ್ಮೆ ಹಾಗಾದರೆ ಕೈಗೆ ಕ್ಯೂ ಮೇಲಿನ ನಂಬಿಕೆಯೇ ಹೋಗುತ್ತದೆ.

ಸ್ನೂಕರ್ ಆಡುವವರಿಗೆ ಈ ತಲೆನೋವಿಲ್ಲ. ಆ ಕ್ಯೂನ ಹಿಡಿಕೆ ಸಾಮಾನ್ಯವಾಗಿ ಬರೀ ಮರ. ಪೂಲ್ ಕ್ಯೂನಲ್ಲಿ ಹಿಡಿಯುವ ಜಾಗದಲ್ಲಿ ಸುಮಾರು 12 ಇಂಚು ಉದ್ದಕ್ಕೆ ಮರವನ್ನು ತೆಳ್ಳಗೆ ಕಡೆದು, ಆ ತಗ್ಗಿನಲ್ಲಿ ಒಂದೇ ಲಿನನ್ ದಾರವನ್ನು ಪಕ್ಕಪಕ್ಕ ಬಿಗಿಯಾಗಿ ಸುತ್ತಿರುತ್ತಾರೆ. ತಗ್ಗಿನ ಆಳ ಹೆಚ್ಚುಕಮ್ಮಿ ದಾರದ ದಪ್ಪದಷ್ಟೇ. ದಾರ ಮರದ ಮಟ್ಟಕ್ಕೆ ಸರಿಯಾಗಿ ಕೂರಬೇಕು, ಕೈಗೆ ಏಣು ಸಿಗಬಾರದು. ಅಂಟಿಗೆ ಅಂತ ಅಲ್ಲಿ ಬೇರೆ ಜಾಗವೇ ಇಲ್ಲ.

ಎರಡು ಬದಿ ಅಂಟಿರುವ ಟೇಪ್ ಸೋಲುವುದು ಇಲ್ಲೇ. ಒಣಗಲು ಕಾಯಬೇಕಿಲ್ಲ, ಕೈ ಹೊಲಸಾಗುವುದಿಲ್ಲ, ನಿಜ. ಆದರೆ ಟೇಪಿನ ದಪ್ಪ ದಾರವನ್ನು ಮೇಲಕ್ಕೆ ಎತ್ತುತ್ತದೆ. ಸೆಖೆಯಲ್ಲಿ ಅದರ ಅಂಟು ಮೆತ್ತಗಾಗಿ ಸುತ್ತು ನಿಧಾನಕ್ಕೆ ಉರುಳಲು ಶುರುವಾಗುತ್ತದೆ. ಸಂಜೆಯ ಮ್ಯಾಚಿಗೆ ತುರ್ತಾಗಿ ಬೇಕಾದರೆ ಸರಿ. ಅದಕ್ಕಿಂತ ಜಾಸ್ತಿ ಅದರಿಂದ ನಿರೀಕ್ಷೆ ಬೇಡ.

ಕ್ಷಣದಲ್ಲಿ ಹಿಡಿಯುವ ಗಮ್‌ಗೆ ನಮ್ಮೂರಲ್ಲಿ ದೊಡ್ಡ ಹೆಸರಿದೆ. ಬಿಟ್ಟ ತುದಿಗೆ ಒಂದು ಹನಿ ಬಿಟ್ಟರೆ ಮುಗೀತು ಅನ್ನುತ್ತಾರೆ. ತುದಿ ಹಿಡಿಯುವುದೇನೋ ಹೌದು. ಆದರೆ ಲಿನನ್ ಅಂದರೆ ಅಗಸೆ ಗಿಡದ ನಾರು. ಅದು ಹನಿಯನ್ನು ತಕ್ಷಣ ಹೀರಿ ಅಕ್ಕಪಕ್ಕದ ಸುತ್ತುಗಳಿಗೂ ಹಬ್ಬಿಸುತ್ತದೆ. ಒಣಗಿದ ಮೇಲೆ ಆ ಜಾಗ ಕಪ್ಪಾಗಿ, ಗಾಜಿನಂತೆ ಗಟ್ಟಿಯಾಗಿರುತ್ತದೆ. ಉಗುರಾಡಿಸಿದರೆ ಕಟಕಟ ಅನ್ನುತ್ತದೆ. ಈ ಗಮ್ ಗಟ್ಟಿಯಾಗುವುದೇ ತೇವದಿಂದ. ಹಾಗಾಗಿ ಮಳೆಗಾಲದಲ್ಲಿ ಇನ್ನೂ ಬೇಗ ಹಿಡಿದು, ಸುತ್ತ ಬಿಳಿ ಮಬ್ಬು ಬಿಡುತ್ತದೆ. ತೆಗೆಯಲು ಅಸಿಟೋನ್ ಬೇಕು, ಅದು ತಾಗಿದರೆ ಕ್ಯೂನ ಪಾಲಿಶ್ ಹಾಳು. ಸೂಜಿಮೊನೆಯಲ್ಲಿ ಅದ್ದಿ, ದಾರದ ಕಟ್ಟಕಡೆಯ ತುದಿಗೆ ಮಾತ್ರ ಮುಟ್ಟಿಸಿದರೆ ಆದೀತು. ಹಿಡಿಕೆಯ ನಡುವೆ ಮಾತ್ರ ಬೇಡವೇ ಬೇಡ.

ಚಪ್ಪಲಿ ರಿಪೇರಿಗೆ ಬಳಸುವ ರಬ್ಬರ್ ಸೊಲ್ಯೂಷನ್ ನೀರಿಗೆ ಹೆದರುವುದಿಲ್ಲ. ಆ ಒಂದು ಗುಣಕ್ಕೆ ಅದು ಕರಾವಳಿಗೆ ಹೇಳಿ ಮಾಡಿಸಿದ್ದು ಅನಿಸುತ್ತದೆ. ಚರ್ಮದ ಹಿಡಿಕೆಗಾದರೆ ನಾನೂ ಅದನ್ನೇ ಹೇಳುತ್ತೇನೆ. ಎರಡೂ ಮೇಲ್ಮೈಗೆ ಹಚ್ಚಿ, ಹತ್ತು ಹದಿನೈದು ನಿಮಿಷ ಆರಲು ಬಿಟ್ಟು, ಒತ್ತಿದರೆ ಚರ್ಮ ಬಿಡುವುದೇ ಇಲ್ಲ. ದಾರದ ಕತೆ ಬೇರೆ. ಸುತ್ತುವಾಗ ಪ್ರತಿ ಸುತ್ತನ್ನೂ ಉಗುರಿನಿಂದ ಹಿಂದಿನ ಸುತ್ತಿಗೆ ತಳ್ಳುತ್ತಾ ಹೋಗಬೇಕು, ಇಲ್ಲದಿದ್ದರೆ ನಡುವೆ ಮರ ಕಾಣುತ್ತದೆ. ರಬ್ಬರ್ ಅಂಟಿನ ಮೇಲೆ ದಾರ ಬಿದ್ದಲ್ಲೇ ಕಚ್ಚಿಕೊಳ್ಳುತ್ತದೆ, ತಳ್ಳಲು ಬರುವುದಿಲ್ಲ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಕ್ಯೂ ಇಟ್ಟರಂತೂ ಅಂಟು ದಾರದ ಸಂದಿನಿಂದ ಮೇಲೆ ಬಂದು ಧೂಳು, ಚಾಕ್ ಪುಡಿ ಎಲ್ಲ ಹಿಡಿಯುತ್ತದೆ.

ಉಳಿದದ್ದು ಬಡಗಿಗಳ ಬಿಳಿ ಅಂಟು. ಅಂಟು ಹಸಿ ಇರುವವರೆಗೆ ದಾರ ಜಾರುತ್ತದೆ, ಸುತ್ತು ಸರಿಮಾಡಲು ಸಮಯ ಸಿಗುತ್ತದೆ. ಒಣಗಿದ ಮೇಲೆ ಬಣ್ಣ ಕಾಣುವುದಿಲ್ಲ. ಆದರೆ ಇದರಲ್ಲೂ ಎರಡು ಬಗೆ ಇದೆ, ನಮ್ಮ ಕಡೆ ಸೋಲು ಗೆಲುವು ನಿಂತಿರುವುದು ಅಲ್ಲೇ. ಶಾಲೆ ಮಕ್ಕಳು ಕಾಗದಕ್ಕೆ ಹಚ್ಚುವ ಸಾದಾ ಅಂಟು ತೇವಕ್ಕೆ ಮತ್ತೆ ಮೆತ್ತಗಾಗುತ್ತದೆ. ಲಿನನ್ ನಾರು ಒದ್ದೆಯಾದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ರಾತ್ರಿ ಮಳೆ, ಮಧ್ಯಾಹ್ನ ಫ್ಯಾನು, ಸಂಜೆ ಬೆವರು. ದಾರ ಹೀಗೆ ದಿನಾ ಎಳೆದಾಡುತ್ತಿದ್ದರೆ ಮೆತ್ತಗಿನ ಅಂಟು ಎಷ್ಟು ದಿನ ತಡೆದೀತು? ಪ್ಲೈವುಡ್ ಅಂಗಡಿಯಲ್ಲಿ ವಾಟರ್‌ಪ್ರೂಫ್ ಮರದ ಅಂಟು ಕೇಳಿ. ಡಬ್ಬದ ಮೇಲೆ ಡಿ3 ಅಂತಿದ್ದರೆ ಇನ್ನೂ ಒಳ್ಳೆಯದು. ಅದು ಯುರೋಪಿನ ಇಎನ್ 204 ಮಾನದಂಡದ ದರ್ಜೆ, ಆಗಾಗ ಸ್ವಲ್ಪ ಹೊತ್ತು ನೀರು ತಾಗುವ ಜಾಗಕ್ಕೆ ಹೇಳಿದ್ದು. ನನ್ನ ಓಟು ಇದಕ್ಕೇ.

ಕೋಡಿಬಾಗದ ಬಡಗಿಯೊಬ್ಬರು ನನ್ನ ಕ್ಯೂ ನೋಡಿ, “ಮಾರಾಯ್ರೇ, ಹಿಡಿಯೋದು ದಾರದ ಬಿಗಿ. ಅಂಟು ಅದಕ್ಕೆ ಸುಮ್ನೆ ಜೊತೆ” ಅಂದರು. ಅವರು ಕ್ಯೂ ಮಾಡುವವರಲ್ಲ, ಆದರೂ ಮಾತು ನೂರಕ್ಕೆ ನೂರು ಸರಿ. ಅಂಟನ್ನು ಬೆರಳಿನಿಂದ ಎಷ್ಟು ತೆಳ್ಳಗೆ ಸವರಬೇಕೆಂದರೆ, ಕೆಳಗಿನ ಮರದ ಗೆರೆ ಕಾಣಬೇಕು. ಸುತ್ತಿನ ಸಂದಿನಲ್ಲಿ ಬಿಳಿ ಹನಿ ಮೂಡಿತೆಂದರೆ ಜಾಸ್ತಿಯಾಯ್ತು ಅಂತಲೇ ಲೆಕ್ಕ, ಒದ್ದೆ ಬಟ್ಟೆಯಲ್ಲಿ ಕೂಡಲೇ ಒರೆಸಿ. ಒಮ್ಮೆಗೆ ಎರಡು ಇಂಚಿಗಷ್ಟೇ ಹಚ್ಚಿ. ಎರಡು ತುದಿಯ ಪಾಲಿಶ್ ಮೇಲೆ ಮಾಸ್ಕಿಂಗ್ ಟೇಪ್ ಇರಲಿ.

ಕೊನೆಯ ತುದಿಯನ್ನು ಅಂಟಿನ ಮೇಲೆ ನಂಬಿ ಬಿಡಬೇಡಿ. ಕಡೆಯ ಎಂಟು ಹತ್ತು ಸುತ್ತು ಸುತ್ತುವ ಮೊದಲು ಗಾಳದ ತಂಗೂಸಿಯನ್ನು ಮಡಚಿ, ಅದರ ಕುಣಿಕೆ ಹೊರಗೆ ಉಳಿಯುವಂತೆ ಕ್ಯೂ ಮೇಲೆ ಉದ್ದಕ್ಕೆ ಇಡಿ. ಅದರ ಮೇಲೆಯೇ ಸುತ್ತಿ. ದಾರದ ತುದಿಯನ್ನು ಕುಣಿಕೆಗೆ ತೂರಿಸಿ, ತಂಗೂಸಿಯ ಇನ್ನೊಂದು ಬದಿ ಹಿಡಿದು ಎಳೆದರೆ ತುದಿ ಸುತ್ತುಗಳ ಅಡಿಗೆ ಹೋಗುತ್ತದೆ. ಹೊರಗೆ ಬಂದದ್ದನ್ನು ಬ್ಲೇಡಿನಲ್ಲಿ ಕತ್ತರಿಸಿ. ತಂಗೂಸಿ ನುಣುಪು, ಹಾಗಾಗಿ ಅಂಟಿನಲ್ಲೂ ಸಿಕ್ಕಿಕೊಳ್ಳದೆ ಬರುತ್ತದೆ. ಬೈತ್‌ಕೋಲ್ ಬಂದರು ಇರುವ ಊರಲ್ಲಿ ಅದಕ್ಕೇನು ಬರ?

ಕೆಲವರು ಕೊನೆಗೆ ಗಂಜಿ ಸವರಿ ಉಜ್ಜುತ್ತಾರೆ. ದಾರದ ಜುಂಗು ಕೂರುತ್ತದೆ, ಹಿಡಿಕೆ ನುಣ್ಣಗಾಗುತ್ತದೆ. ಒಣ ಊರಿನಲ್ಲಿ ಚೆನ್ನ. ಇಲ್ಲಿ, ಶಿರಸಿ ಕಡೆಯಲ್ಲೂ, ಮಳೆ ಹಿಡಿದರೆ ಗಂಜಿಗೆ ಬೂಸ್ಟು ಬರುತ್ತದೆ. ದಾರವನ್ನು ಬರೀ ನೀರಲ್ಲಿ ತುಸು ನೆನೆಸಿ, ಗಾಜಿನ ಬಾಟಲಿಯ ಬದಿಯಿಂದ ಒಂದೇ ದಿಕ್ಕಿಗೆ ಒತ್ತಿ ಉಜ್ಜಿದರೆ ಸಾಕು.

ಬೇಸಿಗೆಯಲ್ಲಾದರೆ ಒಂದಿಡೀ ದಿನ ಒಣಗಲಿ. ಮಳೆಗಾಲದಲ್ಲೇ ಮಾಡಬೇಕಾಗಿ ಬಂದರೆ ಎರಡು ದಿನ ಫ್ಯಾನಿನ ಕೆಳಗೆ ಮಲಗಿಸಿಡಿ, ಅಲ್ಲಿಯವರೆಗೆ ಬೇರೆಯವರ ಕ್ಯೂನಲ್ಲಿ ಆಡಿ.