ಮರ ಕಡಿದ ರಾಜ, ಉಂಡೆ ಕಳಿಸುವ ಕಡಲು: ಒಂದು ಮೇಲ್ ಆರ್ಟ್ ಕಿಟ್

ಮೇಲ್ ಆರ್ಟ್, ಅಂದರೆ ಅಂಚೆಯಲ್ಲಿ ಕಳಿಸುವ ಕಲೆ. ಅದರ ಈ ಕಿಟ್‌ನಲ್ಲಿ ನಾಲ್ಕು ಕಾರ್ಡುಗಳಿವೆ. ಎರಡು ತುಂಬಾ ಚೆನ್ನಾಗಿವೆ, ಒಂದು ಬೋರು, ಇನ್ನೊಂದನ್ನು ಹುಷಾರಾಗಿ ಬಳಸಬೇಕು. ಜೊತೆಗೆ ಲಕೋಟೆಗಳು, ಒಂದು ಹಾಳೆ ತುಂಬ ಹುಸಿ ಅಂಚೆಚೀಟಿಗಳು, ಒಂದು ರಬ್ಬರ್ ಸ್ಟ್ಯಾಂಪು. ಗ್ರೀಕ್ ಪುರಾಣದ ಕಥೆಗಳನ್ನು ಇವತ್ತಿನ ಪರಿಸರದ ಚಿಂತೆಗೆ ಜೋಡಿಸಿದ್ದಾರೆ. ನೀವು ಅದಕ್ಕೆ ನಿಮ್ಮದೂ ಒಂದಿಷ್ಟು ಸೇರಿಸಿ ಗೆಳೆಯರಿಗೆ ಪೋಸ್ಟ್ ಮಾಡಬೇಕು.

ಮೊದಲು ರಾಜನ ಕಾರ್ಡು. ಗ್ರೀಸಿನ ಥೆಸಲಿಯ ಎರಿಸಿಕ್ಥಾನ್, ಬೆಳೆಯ ದೇವತೆ ಡಿಮೀಟರ್‌ಳ ಬನಕ್ಕೆ ಕೊಡಲಿ ಹಾಕಿದವನು. ಅವಳ ಶಾಪ ಏನು ಗೊತ್ತಾ? ಎಷ್ಟು ತಿಂದರೂ ತೀರದ ಹಸಿವು. ಆಸ್ತಿಯೆಲ್ಲ ತಿಂದು ಮುಗಿಸಿದ, ಮಗಳನ್ನು ಮಾರಿ ತಿಂದ, ಕೊನೆಗೆ ತನ್ನ ಮೈಯನ್ನೇ ತಿಂದ. ಕಾರ್ಡಿನ ತುಂಬ ಮರಗಳಿವೆ, ಒಂದೊಂದರ ಸುತ್ತಲೂ ಹರಿಯಲು ಸಣ್ಣ ತೂತುಗಳ ಗೆರೆ ಇದೆ. ಕಾರ್ಡು ಕೈಗೆ ಬಂದವರು ಒಂದು ಮರ ಹರಿದು ಇಟ್ಟುಕೊಂಡು ಮುಂದಿನವರಿಗೆ ಕಳಿಸಬೇಕು. ಮರಗಳು ಹೋದಂತೆಲ್ಲ ಹಿಂದಿನ ಪದರದಿಂದ ರಾಜನ ಮುಖ ಕಾಣಿಸಿಕೊಳ್ಳುತ್ತದೆ. ಬಾಯಿ ಎಲ್ಲಕ್ಕಿಂತ ಕೊನೆಗೆ.

ನಾನು ಕಳಿಸಿದ ಗೆಳೆಯ ಒಂದರ ಬದಲು ಎರಡು ಮರ ಹರಿದ. ಯಾಕಪ್ಪಾ ಅಂದರೆ, "ಒಂದು ಹರಿದರೆ ಕಣ್ಣು ಪೂರ್ತಿ ಕಾಣ್ತಿರಲಿಲ್ಲ" ಅಂದ. ನನಗೆ ಅಲ್ಲೇ ಕಾರ್ಡು ಗೆದ್ದಿತು ಅನ್ನಿಸಿತು. ಉಪದೇಶದ ಒಂದು ಸಾಲೂ ಇಲ್ಲದೆ ಕೊಡಲಿಯನ್ನು ನಮ್ಮ ಕೈಗೇ ಕೊಡುತ್ತದೆ.

ಅಂಚೆಗೆ ಹಾಕದಿದ್ದರೆ ಈ ಕಾರ್ಡಿಗೆ ಅರ್ಥವೇ ಇಲ್ಲ. ಮೇಲ್ ಆರ್ಟ್ ಅಂದರೆ ಅದೇ ಅಲ್ವಾ? 1960ರ ದಶಕದಲ್ಲಿ ನ್ಯೂಯಾರ್ಕಿನ ಕಲಾವಿದ ರೇ ಜಾನ್ಸನ್ ಚಿತ್ರಗಳನ್ನು ಪೋಸ್ಟ್ ಮಾಡಿ, ಏನಾದರೂ ಸೇರಿಸಿ ವಾಪಸ್ ಕಳಿಸಿ ಎಂದು ಕೇಳುತ್ತಿದ್ದರು. ಹಾಗೆ ಕಳಿಸಿಕೊಳ್ಳುತ್ತಿದ್ದವರ ಬಳಗದಲ್ಲಿ ಕಲೆಯನ್ನು ಮಾರುವ ಪದ್ಧತಿ ಇರಲಿಲ್ಲ, ಕೊಡು-ಕೊಳ್ಳು ಅಷ್ಟೇ. ಹಾಗಾಗಿ ಇದನ್ನು ಡಬ್ಬಿಯಲ್ಲಿಟ್ಟು ಮಾರುವುದು ಹಳಬರಿಗೆ ಹಿಡಿಸಲಿಕ್ಕಿಲ್ಲ. ನನಗೆ ತಕರಾರಿಲ್ಲ.

ಎರಡನೆಯದು ಪೊಸೈಡನ್ ಕಾರ್ಡು. ಮೆಡಿಟರೇನಿಯನ್ ಕಡಲಿನ ತಳದಲ್ಲಿ ಪೊಸಿಡೋನಿಯಾ ಅನ್ನುವ ಹುಲ್ಲು ಬೆಳೆಯುತ್ತದೆ. ಹೆಸರು ಕಡಲದೇವರದ್ದೇ. ಇದು ಪಾಚಿಯಲ್ಲ, ಹೂಬಿಡುವ ಗಿಡ. ಹಡಗುಗಳ ಲಂಗರು ಎಳೆದಾಡಿದರೆ ಕಿತ್ತುಹೋಗುತ್ತದೆ, ಮತ್ತೆ ಬೆಳೆಯುವುದು ಬಹಳ ನಿಧಾನ. ಇದರ ನಾರನ್ನು ಅಲೆಗಳು ಉರುಳಿಸಿ ಉರುಳಿಸಿ ಕಂದು ಉಂಡೆ ಮಾಡಿ ದಡಕ್ಕೆ ತಂದು ಹಾಕುತ್ತವೆ. ಅಂಥ ಉಂಡೆಗಳಲ್ಲಿ ಪ್ಲಾಸ್ಟಿಕ್ ಚೂರುಗಳು ಸಿಕ್ಕಿಕೊಂಡಿರುವುದನ್ನು ಸಂಶೋಧಕರು ಕಂಡಿದ್ದಾರೆ. ಕಾರ್ಡಿನಲ್ಲಿ ಒಂದೇ ಒಂದು ಉಂಡೆಯ ಚಿತ್ರವಿದೆ. ಮೇಲೆ ಒತ್ತಲು ಆ ರಬ್ಬರ್ ಸ್ಟ್ಯಾಂಪು: "ಕಳಿಸಿದವರಿಗೆ ವಾಪಸ್". ನೋಡಿ ಜೋರಾಗಿ ನಕ್ಕೆ.

ಫೇಥಾನ್ ಕಾರ್ಡು ಮಾತ್ರ ಸಪ್ಪೆ. ಅಪ್ಪ ಹೀಲಿಯಾಸ್‌ನ ಸೂರ್ಯರಥ ಓಡಿಸಲು ಹೋಗಿ ಹುಡುಗ ಭೂಮಿಗೆ ಬೆಂಕಿ ಹಚ್ಚುತ್ತಾನೆ, ದೇವತೆಗಳ ರಾಜ ಜೀಯಸ್ ಸಿಡಿಲು ಹೊಡೆದು ಅವನನ್ನು ಕೆಡವುತ್ತಾನೆ. ಇಲ್ಲಿ ಉರಿಯುವ ರಥದ ಕೆಳಗೆ "ಭೂಮಿ ಉಳಿಸಿ" ಎಂದು ದಪ್ಪಕ್ಷರದಲ್ಲಿ ಬರೆದಿದ್ದಾರೆ. ಇದಕ್ಕೆ ಪುರಾಣ ಯಾಕೆ ಬೇಕಿತ್ತು? ಭೂಮಿ ಬಿಸಿಯಾಗಿರುವುದು ಒಬ್ಬ ಹುಡುಗನ ಹಟದಿಂದಲ್ಲ. ಏನು ಬೇಕಾದರೂ ಕೇಳು ಎಂದು ಮೊದಲೇ ಆಣೆ ಮಾಡಿ, ಆಮೇಲೆ ಅಪಾಯ ಗೊತ್ತಿದ್ದೂ ಲಗಾಮು ಕೈಗೆ ಕೊಟ್ಟವನು ಅಪ್ಪ. ಅವನನ್ನು ಬರೆದಿದ್ದರೆ ಕಾರ್ಡು ಚುಚ್ಚುತ್ತಿತ್ತು.

ಪರ್ಸೆಫೊನಿ ಕಾರ್ಡನ್ನು ಬೀಜ ಸೇರಿಸಿದ ಕಾಗದದಲ್ಲಿ ಮಾಡಿದ್ದಾರೆ, ಮಣ್ಣಲ್ಲಿಟ್ಟರೆ ಮೊಳೆಯುತ್ತದಂತೆ. ಪಾತಾಳಕ್ಕೆ ಹೋಗಿ ಪ್ರತಿ ವರ್ಷ ಮೇಲೆ ಬರುವವಳಿಗೆ ಒಪ್ಪುವ ಉಪಾಯ. ಆದರೆ ಬೇರೆ ದೇಶಕ್ಕೆ ಕಳಿಸುವ ಮುಂಚೆ ಅಲ್ಲಿನ ನಿಯಮ ನೋಡಿಕೊಳ್ಳಿ. ರೋಗ, ಕೀಟ, ಕಳೆಯ ಭಯಕ್ಕೆ ಎಷ್ಟೋ ದೇಶಗಳು ಪ್ರಮಾಣಪತ್ರವಿಲ್ಲದ ಬೀಜವನ್ನು ಒಳಗೆ ಬಿಡುವುದಿಲ್ಲ. ಕಿಟ್‌ನ ಸೂಚನೆಯಲ್ಲಿ ಇದರ ಸುದ್ದಿಯೇ ಇಲ್ಲ.

ಹುಸಿ ಅಂಚೆಚೀಟಿಗಳನ್ನು ಲಕೋಟೆಯ ಎಡಗಡೆ ಅಂಟಿಸಿ. ಬಲಮೂಲೆ ನಿಜವಾದದ್ದಕ್ಕೆ ಇರಲಿ, ಇಲ್ಲದಿದ್ದರೆ ಸುಮ್ನೆ ಗೊಂದಲ. ತೂತಿರುವ ರಾಜನ ಕಾರ್ಡನ್ನೂ ಹಾಗೇ ಹಾಕಬೇಡಿ, ದಾರಿಯಲ್ಲೇ ಹರಿಯುತ್ತದೆ.

ಇನ್ನು ನನ್ನ ಸಿಟ್ಟು. ಇಷ್ಟೆಲ್ಲ ಮಾಡಿ, ಪ್ರತಿ ಕಾರ್ಡಿಗೂ ಬೇರೆ ಬೇರೆ ಪ್ಲಾಸ್ಟಿಕ್ ಕವರು! ಕೇಳಿದ್ದಕ್ಕೆ ತೇವದಿಂದ ಕಾಪಾಡಲು ಎಂದು ಮಾರಿದವರು ಉತ್ತರ ಬರೆದರು. ಬೀಜದ ಕಾಗದಕ್ಕೆ ಬೇಕು, ಒಪ್ಪುತ್ತೇನೆ. ಉಳಿದ ಮೂರಕ್ಕೆ ಯಾಕೆ? ಆ ಮೂರು ಕವರನ್ನೂ ಕತ್ತರಿಸಿ ಒಂದು ಕೊಲಾಜ್ ಮಾಡಿದೆ. ಮೇಲೆ ಅವರದ್ದೇ ಸ್ಟ್ಯಾಂಪು ಒತ್ತಿ ಅವರ ವಿಳಾಸಕ್ಕೇ ಪೋಸ್ಟ್ ಮಾಡಿದ್ದೇನೆ.