ಬಿಲ್ಲಿಂಗ್ ಆ್ಯಪ್‌ಗೆ ಮಾತ್ರ ಡೇಟಾಬೇಸ್ ಬಾಗಿಲು: ಯಾವ ಬೀಗ ಗಟ್ಟಿ?

ರಾಜಾಜಿನಗರದ ನಮ್ಮ ಆಫೀಸಿನ ಬಿಲ್ಲಿಂಗ್ ನಡೆಯುವುದು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಮೇಲೆ. ತಿಂಗಳ 11ರೊಳಗೆ ಜಿಎಸ್‌ಟಿಆರ್-1, ಅಂದರೆ ಮಾರಾಟದ ಜಿಎಸ್‌ಟಿ ರಿಟರ್ನ್, ಹಾಕಬೇಕು. ಆ ದಿನ ಹತ್ತಿರ ಬಂತೆಂದರೆ ಅಕೌಂಟ್ಸ್‌ನವರು ಎಕ್ಸೆಲ್‌ನಿಂದಲೋ ಡಿಬೀವರ್ ಎಂಬ ಡೇಟಾಬೇಸ್ ನೋಡುವ ಪ್ರೋಗ್ರಾಂನಿಂದಲೋ ನೇರವಾಗಿ ಡೇಟಾಬೇಸ್‌ಗೆ ಇಳಿಯುತ್ತಿದ್ದರು. ದೊಡ್ಡ ಕ್ವೆರಿ (ಮಾಹಿತಿ ಕೇಳುವ ಆದೇಶ) ಓಡಿದರೆ ಕೌಂಟರ್‌ನಲ್ಲಿ ಬಿಲ್ ನಿಧಾನ. ಅದಕ್ಕಿಂತ ದೊಡ್ಡ ಭಯ ಇನ್ನೊಂದು. ಅಲ್ಲಿ ಒಂದು ಸಾಲು ತಿದ್ದಿದರೆ ಆ್ಯಪ್‌ನ ಯಾವ ತಪಾಸಣೆಗೂ ಅದು ಸಿಗುವುದಿಲ್ಲ. ಒಪ್ಪಿದ ಆ್ಯಪ್ ಮಾತ್ರ ಒಳಗೆ ಬರಬೇಕು ಅಂತ ಹಲವು ದಾರಿ ನೋಡಿದೆ.

ಎಲ್ಲಕ್ಕಿಂತ ಸುಲಭವಾಗಿ ಕಂಡದ್ದು ಲಾಗಿನ್ ಟ್ರಿಗರ್, ಅಂದರೆ ಯಾರಾದರೂ ಲಾಗಿನ್ ಆದಾಗ ತಾನಾಗಿ ಓಡುವ ಕೋಡ್. ಪೋಸ್ಟ್‌ಗ್ರೆಸ್ 17ರಲ್ಲಿ, ಅಂದರೆ 2024ರಲ್ಲಿ ಬಂದದ್ದು. ಸಂಪರ್ಕ ಆದಕೂಡಲೇ ಅಪ್ಲಿಕೇಶನ್ ನೇಮ್ (ಸಂಪರ್ಕಿಸಿದ ಪ್ರೋಗ್ರಾಂನ ಹೆಸರು) ನೋಡಿ, ಬೇರೆ ಹೆಸರಾದರೆ ಎರರ್ ಕೊಟ್ಟು ಹೊರಗೆ ಕಳಿಸಬಹುದು. ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಆ ಹೆಸರನ್ನು ಹೇಳುವುದು ಕ್ಲೈಂಟೇ, ಅಂದರೆ ಒಳಗೆ ಬರುವ ಪ್ರೋಗ್ರಾಮೇ, ಅಲ್ವಾ? ಡಿಬೀವರ್‌ನ ಡ್ರೈವರ್ ಸೆಟ್ಟಿಂಗ್‌ನಲ್ಲಿ ನಮ್ಮ ಆ್ಯಪ್‌ನ ಹೆಸರು ಬರೆದೆ, ಸಲೀಸಾಗಿ ಒಳಗೆ ಬಿಟ್ಟಿತು. ಗೊತ್ತಿಲ್ಲದೆ ಬರುವವರನ್ನು ಇದು ತಡೆಯುತ್ತದೆ, ಗೊತ್ತಿದ್ದು ಬರುವವರನ್ನಲ್ಲ. ಟ್ರಿಗರ್‌ನಲ್ಲಿ ತಪ್ಪಿದ್ದರೆ ಎಲ್ಲ ಹಕ್ಕೂ ಇರುವ ಸೂಪರ್‌ಯೂಸರ್ ಕೂಡ ಹೊರಗೇ ಉಳಿಯಬಹುದು. ಆಗ ಈವೆಂಟ್ ಟ್ರಿಗರ್ಸ್ ಸೆಟ್ಟಿಂಗ್ ಆಫ್ ಮಾಡಿ ಒಳಗೆ ಹೋಗಬೇಕು. ಟೆಸ್ಟ್ ಸರ್ವರ್‌ನಲ್ಲಿ ನೋಡದೆ ಇದನ್ನು ಹಾಕಬೇಡಿ.

ಯಾರು ಎಲ್ಲಿಂದ ಬರಬಹುದು ಅಂತ ಬರೆದಿಡುವ ಪಿಜಿ ಎಚ್‌ಬಿಎ ಫೈಲ್‌ನಲ್ಲಿ ಒಪ್ಪಿದ ಐಪಿ ವಿಳಾಸಗಳನ್ನಷ್ಟೇ ಬಿಡುವುದು ಹಳೆಯ ದಾರಿ. ಆಫೀಸಿನೊಳಗೆ ಸಾಕು. ಔಟರ್ ರಿಂಗ್ ರೋಡ್ ಟ್ರಾಫಿಕ್‌ಗೆ ಬೇಸತ್ತು ಮನೆಯಿಂದ ಕೆಲಸ ಮಾಡುವವರಿಗೆ ಆಗುವುದಿಲ್ಲ. ಕರೆಂಟ್ ಹೋಗಿ ರೂಟರ್ ಮತ್ತೆ ಆನ್ ಆದರೆ ಅವರ ಐಪಿ ಬದಲಾಗಿರಬಹುದು.

ಕ್ಲೈಂಟ್ ಸರ್ಟಿಫಿಕೇಟ್, ಅಂದರೆ ಸಂಪರ್ಕಿಸುವವರ ಡಿಜಿಟಲ್ ಗುರುತುಪತ್ರ, ನನಗೆ ತುಂಬ ಹಿಡಿಸಿತು. ಇಲ್ಲಿ ಹೆಸರು ಹೇಳಿದರೆ ಸಾಲದು, ಅದರ ಜೋಡಿಯಾದ ಗುಟ್ಟಿನ ಫೈಲ್, ಪ್ರೈವೇಟ್ ಕೀ, ಕೈಯಲ್ಲಿರಬೇಕು. ಕೀ ಕಳುವಾದರೆ ಆ ಸರ್ಟಿಫಿಕೇಟನ್ನು ರದ್ದು ಪಟ್ಟಿಗೆ ಸೇರಿಸಬಹುದು. ಕೆಲಸ ಜಾಸ್ತಿ: ಪ್ರತಿ ಲ್ಯಾಪ್‌ಟಾಪ್‌ಗೂ ಬೇರೆ ಸರ್ಟಿಫಿಕೇಟ್ ಕೊಡಬೇಕು, ಅವಧಿ ಮುಗಿಯುವ ಮುಂಚೆ ಬದಲಿಸಬೇಕು. ಇಷ್ಟಾದರೂ ಒಂದು ಕಿಂಡಿ ಉಳಿಯುತ್ತದೆ. ಕೀ ಫೈಲ್ ಓದಬಲ್ಲವರು ಅದನ್ನೇ ಡಿಬೀವರ್‌ಗೂ ಕೊಡಬಹುದು. ಸರ್ಟಿಫಿಕೇಟ್ ಹೇಳುವುದು ಕೀ ಯಾರ ಹತ್ತಿರ ಇದೆ ಅಂತ. ಅದನ್ನು ಹಿಡಿದ ಪ್ರೋಗ್ರಾಂ ಯಾವುದು ಅಂತ ಅಲ್ಲ.

ಹಾಗಾಗಿ ನಾನು ಆರಿಸಿದ್ದು ನಡುವೆ ಒಂದು ಆ್ಯಪ್ ಸರ್ವರ್. ಲ್ಯಾಪ್‌ಟಾಪ್‌ಗಳು ಮಾತಾಡುವುದು ಅದರ ಜೊತೆ ಮಾತ್ರ. ಪೋಸ್ಟ್‌ಗ್ರೆಸ್‌ನ ಬಾಗಿಲಾದ 5432 ಪೋರ್ಟ್ ಉಳಿದವರಿಗೆ ಮುಚ್ಚಿದೆ. ಸರ್ಟಿಫಿಕೇಟ್ ಇರುವುದು ಆ ಸರ್ವರ್‌ನಲ್ಲಷ್ಟೇ, ಬೇರೆಯವರ ಕೈಗೆ ಕೀ ಸಿಗುವುದಿಲ್ಲ. ಆ ಸರ್ವರ್ ಬಳಸುವ ಡೇಟಾಬೇಸ್ ಖಾತೆಗೂ (ರೋಲ್) ಟೇಬಲ್ ಮೇಲೆ ನೇರ ಹಕ್ಕಿಲ್ಲ, ಬೇಕಾದ ಫಂಕ್ಷನ್‌ಗಳನ್ನು ಮಾತ್ರ ಕರೆಯಬಹುದು. ಆ್ಯಪ್‌ನಲ್ಲಿ ಸ್ವಲ್ಪ ಬದಲಾವಣೆ ಬೇಕಾಗುತ್ತದೆ, ನಿಜ. ಆದರೆ ಕಾಯಬೇಕಾದ ಜಾಗ ಒಂದೇ.

ಅಕೌಂಟ್ಸ್‌ನವರ ಅಗತ್ಯವೂ ನಿಜವಾದದ್ದು, ಸುಮ್ನೆ ಬಾಗಿಲು ಹಾಕಿದರೆ ಅವರ ಕೆಲಸ ನಿಲ್ಲುತ್ತದೆ. ಅವರಿಗೆ ಪ್ರತ್ಯೇಕ ರೆಪ್ಲಿಕಾ, ಅಂದರೆ ಡೇಟಾಬೇಸ್‌ನ ಪ್ರತಿ, ಕೊಟ್ಟಿದ್ದೇವೆ. ಅದರಲ್ಲಿ ಓದಬಹುದು, ಬರೆಯಲಾಗದು. ಎಕ್ಸೆಲ್ ಈಗ ಅದಕ್ಕೇ ಹೋಗುತ್ತದೆ.